ಎರಡನೆಯ ಭಾಗ ಶೀಘ್ರದಲ್ಲೇ

ಚನ್ನಪಟ್ಟಣದ ಅಶ್ವಥ್‌ಗೆ ಆ ಫಜೀತಿ ಬಂದದ್ದು ಬೋರ್ಡಿನಲ್ಲಿ ಮಿಕ್ಕ ಜಾಗದಿಂದ. ಬಸ್‌ಸ್ಟ್ಯಾಂಡ್ ಪಕ್ಕ ಅವನದೊಂದು ಸೈಬರ್ ಸೆಂಟರ್. ಬೋರ್ಡು ಬರೆಯುವವನು ‘ಇಂಟರ್‌ನೆಟ್, ಜೆರಾಕ್ಸ್, ಡಿಟಿಪಿ’ ಎಂದು ಬರೆದು ಮುಗಿಸಿ, “ಕೆಳಗೆ ಒಸಿ ಜಾಗ ಉಳ್ಕಂಡೈತೆ, ಏನಾರ ಬರೀಲಾ?” ಎಂದಿದ್ದ. ಬೋಳಾಗಿ ಬಿಟ್ಟರೆ ಲಕ್ಷಣವಲ್ಲವೆಂದು ಅಶ್ವಥ್, “ವೆಬ್‌ಸೈಟ್ ಮಾಡಿಕೊಡಲಾಗುವುದು ಅಂತ ಹಾಕ್ಬುಡು” ಎಂದುಬಿಟ್ಟ.

ಅದನ್ನು ನಂಬಿಕೊಂಡು ಬಂದವರು ಗೊಂಬೆ ವ್ಯಾಪಾರಿ ತಾಜ್ ಪಾಷಾ. ಅಶ್ವಥ್ ಅವರ ಅಂಗಡಿಗೆ ಹೇಗೋ ಒಂದು ಸೈಟನ್ನು ಎಬ್ಬಿಸಿ ನಿಲ್ಲಿಸಿದ. ಆದರೆ ಅದರ ಥೀಮು, ಅಂದರೆ ಸೈಟಿನ ಮೈಮೇಲಿನ ಬಣ್ಣ-ಬಟ್ಟೆ, ಯಾವುದೋ ದೇಶದ ನಾಯಿ ಬಿಸ್ಕತ್ತಿನ ಅಂಗಡಿಗೆ ಹೊಲಿಸಿದ್ದು.

“ನಮ್ ಗೊಂಬೆ ಮ್ಯಾಲೆ ನಾಯಿ ಯಾಕ್ ಕುಂತೈತೆ?” ಎಂದು ತಾಜ್ ಪಾಷಾ ಬೆಳಿಗ್ಗೆಯೇ ಹಾಜರಾದರು. “ನಮ್ದೇ ಥೀಮ್ ಮಾಡು. ಸಂಜೆ ನಮ್ ಅಕ್ಕನ ಮಗ ಹಬೀಬ್ ಬತ್ತಾನೆ, ರಾಮನಗರದಾಗೆ ಕಂಪ್ಯೂಟರ್ ಕ್ಲಾಸ್ ನಡೆಸ್ತಾನೆ. ಅವ್ನು ಸರಿ ಐತೆ ಅಂದ್ರೆ ಗೊಂಬೆ ಅಂಗಡಿಗಳ ಕೆಲ್ಸ ಎಲ್ಲಾ ನಿಂಗೇ. ಇಲ್ಲಾಂದ್ರೆ ಆ ಬೋರ್ಡ್ ನಾನೇ ಅಳಿಸ್ತೀನಿ!”

ಅಶ್ವಥ್ ಬಾಗಿಲು ಅರೆ ಮುಚ್ಚಿ ನೆಟ್‌ನಲ್ಲಿ ಪಾಠ ಹುಡುಕಲು ಕೂತ. ಥೀಮು ಕಲಿಸುತ್ತೇವೆನ್ನುವ ಪುಟಗಳು ತಟ್ಟೆಯ ತುಂಬ ರೇಷ್ಮೆಹುಳು ಹರಿದಾಡಿದ ಹಾಗೆ ಗಿಜಿಗುಟ್ಟಿದವು. ಒಂದು ತೀರ ಹಳೆಯದು. ಅದು ಒತ್ತು ಎಂದ ಬಟನ್ನೇ ಎಲ್ಲೂ ಇಲ್ಲ. ವಿಡಿಯೊ ಪಾಠದ ಮೇಷ್ಟ್ರು ‘ಹಲೋ’ ಎನ್ನಲು ಬಾಯಿ ತೆರೆದರು, ಅಷ್ಟರಲ್ಲಿ ನೆಟ್ ನಿಂತು ಬಾಯಿ ತೆರೆದುಕೊಂಡೇ ಉಳಿದರು. ಇನ್ನೊಂದು ‘ಹಳೆಯ ಫೈಲನ್ನು ಅಳಿಸಿ’ ಎಂದಿತು. ಅಳಿಸಿದ. ಮುಂದಿನ ಸಾಲಿನಲ್ಲಿ ‘ಅಳಿಸುವ ಮುನ್ನ ಪ್ರತಿ ಇಟ್ಟುಕೊಂಡಿದ್ದೀರಿ ತಾನೇ?’ ಎಂದಿತ್ತು. ನಾಯಿಯೂ ಹೋಯಿತು, ಗೊಂಬೆಗಳೂ ಹೋದವು. ಪರದೆ ಸುಣ್ಣ ಬಳಿದ ಗೋಡೆಯಾಯಿತು.

ದಿನವೂ ಪೇಪರ್ ಓದಲು ಬರುವ ನಿವೃತ್ತ ಕಂಡಕ್ಟರ್ ಮುನಿಶಾಮಯ್ಯ ಒಳಗೆ ತಲೆ ಹಾಕಿದರು. “ಏನ್ಲಾ, ಕೆಟ್ಟೋಯ್ತಾ? ತಲೆ ಮ್ಯಾಲೆ ಒಂದೇಟು ಬುಡು, ಬತ್ತದೆ.”

ಜೆರಾಕ್ಸ್ ತೆಗೆಯುತ್ತಿದ್ದ ಅಂಗಡಿಯ ಕೆಲಸದ ಹುಡುಗಿ ಭಾನುಪ್ರಿಯ, “ಅಣ್ಣ, ಒಂದ್ಸಲ ಕನ್ನಡದಾಗೆ ಹುಡುಕಿ” ಎಂದಳು.

ಕನ್ನಡದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಒಂದು. ಬರೆದವರ ಹೆಸರು ‘ಥೀಮ್ ಗುರು’. ಅದೆಂಥ ಪಾಠ! ಮಗುವಿಗೆ ತುತ್ತು ಕೊಟ್ಟ ಹಾಗೆ. ಅಶ್ವಥ್ ಅದು ಹೇಳಿದ್ದನ್ನು ಹೇಳಿದಂತೆ ಮಾಡಿದ. ಬಣ್ಣ ಬಂತು, ಗೊಂಬೆಗಳು ಬಂದವು. ಆದರೆ ಪುಟದ ನೆತ್ತಿಯಲ್ಲಿರಬೇಕಾದ ಮೆನು, ಅಂದರೆ ಯಾವುದು ಎಲ್ಲಿದೆ ಎಂದು ತೋರಿಸುವ ಪಟ್ಟಿ, ಬುಡದಲ್ಲಿ ಬಿದ್ದುಕೊಂಡಿತ್ತು. ಎತ್ತುವುದು ಹೇಗೆಂದು ಓದಿದರೆ, ‘ಅದು ಎರಡನೆಯ ಭಾಗದಲ್ಲಿ, ಶೀಘ್ರದಲ್ಲೇ’ ಎಂದಿತ್ತು. ಹಾಗೆ ಬರೆದು ವರ್ಷ ದಾಟಿತ್ತು.

ಅಶ್ವಥ್ ಸಾಲು ಅಳಿಸಿದ, ಸೇರಿಸಿದ, ಬೇರೆ ಪಾಠಗಳಿಂದ ಕಿತ್ತು ತಂದು ಅಂಟಿಸಿದ. ಮೆನು ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಮಾಯವಾಯಿತು. ಅಷ್ಟರಲ್ಲಿ ಮುನಿಶಾಮಯ್ಯ “ಎಲ್ಲಿ, ನೋಡುವ” ಎಂದು ಬಗ್ಗಿ ಕೀಬೋರ್ಡಿನ ಮೇಲೆ ಅಂಗೈ ಊರಿ ನಿಂತರು.

“ಅಯ್ಯಯ್ಯೋ, ಕೈ ತೆಗೀರಿ ಯಜಮಾನ್ರೆ!”

ಅಶ್ವಥ್ ಅವರ ಕೈ ಹಿಡಿದು ಎಳೆದ. ಆ ಎಳೆದಾಟದಲ್ಲಿ ಏನು ಒತ್ತಿಕೊಂಡಿತೋ, ಏನು ಅಳಿಯಿತೋ, ಸೇವ್ ಕೂಡ ಆಗಿಹೋಯಿತು. ಅಶ್ವಥ್ ಪುಟ ತೆರೆದರೆ, ಮೆನು ಹಸೆಮಣೆಯ ಮದುವಣಿಗನ ಹಾಗೆ ಮೇಲೆ ಕೂತಿತ್ತು!

ಅದೇ ಹೊತ್ತಿಗೆ ತಾಜ್ ಪಾಷಾ ಹಬೀಬ್‌ನನ್ನು ಕರೆದುಕೊಂಡು ಬಂದರು. ಹಬೀಬ್ ಪರದೆಯನ್ನು ನೋಡಿದ. ನೋಡುತ್ತಲೇ ಇದ್ದ.

“ಈ ಮೆನು ಮ್ಯಾಲೆ ಹೆಂಗ್ ಹೋಯ್ತು?”

“ಥೀಮ್ ಗುರು ಅಂತ ದೊಡ್ಡೋರೊಬ್ರು ಅವ್ರೆ ಸಾರ್. ಅವ್ರ ಪಾಠ ನೋಡ್ಕಂಡು ಮಾಡ್ದೆ.”

ಹಬೀಬ್ ದನಿ ತಗ್ಗಿಸಿದ. “ಥೀಮ್ ಗುರು ನಾನೇ ಕಣಪ್ಪ. ನಂಗೆ ಮೆನು ಮ್ಯಾಲೆ ಕೂರ್ಲೇ ಇಲ್ಲ. ಅದ್ಕೇ ಎರಡನೇ ಭಾಗ ಬರೀಲಿಲ್ಲ.”

ತಾಜ್ ಪಾಷಾರ ಕಿವಿ ಚುರುಕು. “ಅರೆ ವಾಹ್! ಗುರುಗೇ ಗೊತ್ತಿಲ್ದಿದ್ದು ನಮ್ ಅಶ್ವಥ್‌ಗೆ ಗೊತ್ತು! ನಾಳೆ ಹಬೀಬ್ ಕ್ಲಾಸ್‌ನೋರ್ನೆಲ್ಲ ಇಲ್ಲಿಗೇ ಕರಸ್ತೀನಿ. ನೀನೇ ಹೇಳ್ಕೊಡು.”

“ನಾನೂ ಮುಂದ್ಗಡೆನೇ ಕುಂತ್ಕೊತೀನಿ ಸಾರ್,” ಎಂದ ಹಬೀಬ್ ಕೈ ಕಟ್ಟಿಕೊಂಡು.

ಅಶ್ವಥ್ ಮೆಲ್ಲಗೆ ಮುನಿಶಾಮಯ್ಯನವರ ಹತ್ತಿರ ಸರಿದ. “ಯಜಮಾನ್ರೆ, ಕೈ ಎಲ್ಲೆಲ್ಲಿ ಊರಿದ್ರಿ, ಒಸಿ ಗ್ಯಾಪಕ ಮಾಡ್ಕಳಿ.”

ಮುನಿಶಾಮಯ್ಯ ಪೇಪರಿನಿಂದ ತಲೆ ಎತ್ತಿದರು.

“ಯಾವ ಕೈನ್ಲಾ?”