ನಮ್ಮನೆಯವರು ನೆಟ್ಟಗೆ ಬದುಕಲು ಹೊರಟಾಗ

ಮನುಷ್ಯ ಇನ್ನು ಮೇಲೆ ನೆಟ್ಟಗೆ ಬದುಕುತ್ತೇನೆ ಎಂದು ಮನಸ್ಸು ಮಾಡಿದ ದಿನದಿಂದಲೇ ಮನೆಯಲ್ಲಿ ನಗೆಪಾಟಲು ಶುರುವಾಗುತ್ತದೆ. ಬೇರೆಯವರ ಮನೆಯದು ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಂತೂ ಒಂದು ಸಲವೂ ತಪ್ಪಲಿಲ್ಲ.

ನಮ್ಮನೆಯವರು ಹೊಸಪೇಟೆಯ ಬೋರ್ಡ್ ಶಾಲೆಯಲ್ಲಿ ಮಾಸ್ತರಾಗಿದ್ದರು. ಮದ್ರಾಸಿನ ಸರಕಾರದ ಕಾಲ ಅದು. ನಲವತ್ತು ದಾಟುವ ಮೊದಲೇ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ದವಾಖಾನೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. "ಮಾಸ್ತರ, ಬರೇ ನನ್ನ ಬಾಟ್ಲಿ ಔಷಧ ನಿಮಗ ಸಾಲೂದಿಲ್ಲ. ಕಾಫಿ ಬಿಡ್ರಿ, ಸಿಟ್ಟು ಬಿಡ್ರಿ, ನುರಿಸಿ ಉಣ್ರಿ, ದಿನಾ ನಡೀರಿ. ಏನ ಮಾಡಿದ್ರೂ ಧ್ಯಾಸ ಇಟ್ಟು ಮಾಡ್ರಿ" ಎಂದರಂತೆ.

ನಮ್ಮನೆಯವರು ಅದನ್ನು ಪಾಠದ ಹಾಗೆ ಒಂದೊಂದಾಗಿ ಹಿಡಿದರು. ನಾನು ಒಂದೊಂದಕ್ಕೂ ನಕ್ಕೆ. ಈಗ ನೆನೆದರೂ ನಗು ಬರುತ್ತದೆ. ಅದರ ಹಿಂದೆಯೇ, ನಗುವ ಬದಲು ಒಂದಿಷ್ಟು ಜೊತೆ ಕೊಟ್ಟಿದ್ದರೆ ಅನ್ನುವುದೂ ಬರುತ್ತದೆ.

ಕಾಫಿ ಬೀಸುವ ಯಂತ್ರ

ಮೊದಲು ಕಾಫಿ. "ಮನಿಯಾಗ ಇದ್ರ ಬಾಯಿ ಸುಮ್ನಿರೂದಿಲ್ಲ" ಎಂದು ಬೀಜ ಬೀಸುವ ಕೈಯಂತ್ರವನ್ನೇ ಎತ್ತಿ ಪಕ್ಕದ ಮನೆಯ ಅಕ್ಕನಿಗೆ ಕೊಟ್ಟುಬಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವತ್ತಿನಿಂದ ನಮಗೆ ಕೊತ್ತಂಬರಿ ಬೀಜ, ಶುಂಠಿ ಕುದಿಸಿದ ಕಷಾಯ.

ಮೂರನೇ ದಿನಕ್ಕೇ ನನ್ನ ತಲೆ ಸಿಡಿಯಿತು. ಮಧ್ಯಾಹ್ನ ಅವರು ಶಾಲೆಯಲ್ಲಿದ್ದಾಗ ಹಿತ್ತಲ ಬಾಗಿಲಿಂದ ಅಕ್ಕನ ಮನೆಗೆ ಹೋಗಿ, ಒಂದು ಲೋಟ ಕುಡಿದು, ಬಾಯಿ ಮುಕ್ಕಳಿಸಿ, ಯಾಲಕ್ಕಿ ಜಗಿದು ಬರತೊಡಗಿದೆ. ಅಕ್ಕ ಲೋಟ ಕೊಡುತ್ತ ನಗುತ್ತಿದ್ದಳು. ಸಂಜೆ ಅವರು ಕಷಾಯ ಹೀರುತ್ತ, "ಹದಿನೈದು ದಿನ ಆತು ನೋಡು, ಮೈ ಎಷ್ಟು ಹಗುರಾತು" ಅಂದರೆ ನಾನು "ಹೌದ್ರಿ, ನಂದೂ" ಅನ್ನುತ್ತಿದ್ದೆ.

ಒಂದು ದಿನ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ನಾನು ಅಕ್ಕನ ಅಡುಗೆಮನೆಯಲ್ಲಿ ಲೋಟ ತುಟಿಗೆ ಹಚ್ಚಿದ್ದೆ. ಮುಂಬಾಗಿಲಲ್ಲಿ ನಮ್ಮನೆಯವರ ದನಿ ಕೇಳಿತು: "ಅಕ್ಕಾರ, ಮುಂಜಾನೆ ಕೊಟ್ಟಂಥಾದ್ದ ಇನ್ನೊಂದು ಲೋಟ ಸಿಗ್ತೈತೇನ್ರಿ?"

ನಾನು ಲೋಟ ಹಿಡಿದುಕೊಂಡೇ ಹೊರಗೆ ಬಂದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಅಕ್ಕ ಸೊಂಟಕ್ಕೆ ಕೈ ಇಟ್ಟು ಅಂದಳು: "ಇನ್ನ ಮ್ಯಾಲರ ಇಬ್ರೂ ಕೂಡೇ ಬರ್ರಿ. ದಿನಾ ಎರಡೆರಡು ಸಲ ಬೀಸಿ ನನ್ನ ರಟ್ಟಿ ಬಿದ್ದು ಹೋದ್ವು!"

ಹಂಪಿಯ ಅತಿಥಿ

ಸಿಟ್ಟು ಬಿಡಲು ಅವರು ಕಂಡುಕೊಂಡ ದಾರಿ ಮೌನ. ಭಾನುವಾರ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಮಾತಿಲ್ಲ. ಏನಾದರೂ ಬೇಕಿದ್ದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ವ್ರತವೇನೋ ಒಳ್ಳೆಯದೇ. ಆದರೆ ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಅವರು ಬರೆದು ತೋರಿಸುವುದು, ನಾನು ಅವರ ಮುಖ ನೋಡಿ ಅಂದಾಜು ಮಾಡುವುದು.

ಅಂಥ ಒಂದು ಭಾನುವಾರ ಬಂಡಿ ಕಟ್ಟಿಕೊಂಡು ಹಂಪಿಗೆ ಹೋದೆವು. ವಿರೂಪಾಕ್ಷನ ದರ್ಶನ ಮುಗಿಸಿ, ಬಜಾರಿನ ಕಲ್ಲುಮಂಟಪವೊಂದರಲ್ಲಿ ಮೂರು ಕಲ್ಲು ಹೂಡಿ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಲಗುಬಗೆಯಿಂದ ಎದುರಿಗೆ ಬಂದು ಸ್ಲೇಟು ಹಿಡಿದರು.

"ಯಾರರ ಬಂದಾರೇನ್ರಿ?" ಎಂದೆ.

ಹೌದೆಂದು ಜೋರಾಗಿ ತಲೆಯಾಡಿಸಿದರು.

"ನಮ್ಮ ಪೈಕಿಯವ್ರೇನು?"

ಅಡ್ಡಡ್ಡ ತಲೆಯಾಡಿಸಿ, ಸ್ಲೇಟನ್ನು ಬೆರಳಿಂದ ಟಕಟಕ ಬಡಿದರು.

"ಯಾರರ ಆಗ್ಲಿ, ಬಂದವ್ರನ್ನ ಹಂಗ ಕಳಸಬ್ಯಾಡ್ರಿ. ಕುಂದ್ರಸ್ರಿ, ಉಂಡೇ ಹೋಗ್ಲಿ" ಎಂದೆ.

ಬೆನ್ನ ಹಿಂದೆ ಬುಟ್ಟಿ ಸರಿದ ಸದ್ದಾಯಿತು. ತಿರುಗಿ ನೋಡಿದರೆ ನನ್ನಷ್ಟೇ ದಪ್ಪನೆಯ ಮಂಗ, ರೊಟ್ಟಿಯ ಬುಟ್ಟಿ ಅಪ್ಪಿಕೊಂಡು ಕಂಬ ಹತ್ತುತ್ತಿದೆ. ಸ್ಲೇಟಿನಲ್ಲಿ ಬರೆದದ್ದು "ನಿನ್ನ ಹಿಂದೆ ಮಂಗ" ಎಂದು, ಆಮೇಲೆ ತಿಳಿಯಿತು. ಒಂದು ಕೋಲು ಎತ್ತಿದ್ದರೆ ಸಾಕಿತ್ತು. ಮಾಸ್ತರಿಕೆ ನೋಡಿ, ಅದನ್ನು ದುಂಡಗೆ, ತಪ್ಪಿಲ್ಲದೆ ಬರೆದು ನಿಂತಿದ್ದರು.

ಮದುವೆಯಾದ ಹೊಸದರಲ್ಲೇ ಅವರು, "ದಿನಾ ನಾಕು ಅಕ್ಷರ ಕಲಿ, ನಾ ಕಲಸ್ತೀನಿ" ಎಂದಿದ್ದರು. "ರೊಟ್ಟಿ ಬಡಿಯಾಕ ಅಕ್ಷರ ಯಾಕ್ರಿ?" ಎಂದು ನಾನು ಎದ್ದು ಹೋಗಿದ್ದೆ. ಎಷ್ಟೋ ವರ್ಷದ ಮೇಲೆ ಮೊಮ್ಮಗಳ ಹತ್ತಿರ ಕಲಿತೆ. ಆಗ ಕಲಿಸುತ್ತೇನೆ ಅಂದವರು ಇರಲಿಲ್ಲ.

ಅವತ್ತು ಇಬ್ಬರೂ ಬಾಳೆಹಣ್ಣು ತಿಂದು ಬಂಡಿ ಹತ್ತಿದೆವು. ಹೊತ್ತು ಮುಳುಗಿತು, ಅವರ ಮೌನ ಮುಗಿಯಿತು. ನನ್ನ ಕಡೆ ತಿರುಗಿ ಒಂದೇ ಮಾತು ಅಂದರು: "ಮಂಗ!"

ಬುಟ್ಟಿ ಒಯ್ದದ್ದಕ್ಕಂದರೋ, ನನಗಂದರೋ, ಕೇಳಲು ಧೈರ್ಯ ಬರಲಿಲ್ಲ.

ಎಂಟು ಬೆರಳು

ಆಮೇಲೆ ನುರಿಸಿ ಉಣ್ಣುವುದು. ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು, ಅಗಿಯುವಾಗ ಮಾತಾಡಬಾರದು. ಇದನ್ನು ಮನೆಯಲ್ಲಿ ಮಾಡಿಕೊಂಡಿದ್ದರೆ ಯಾರ ತಕರಾರೂ ಇರಲಿಲ್ಲ. ಕಂಪ್ಲಿಯಲ್ಲಿ ನನ್ನ ತವರುಮನೆ. ಅಲ್ಲಿ ನನ್ನ ತಮ್ಮನ ಮದುವೆಯ ಊಟದಲ್ಲಿ ಶುರುಮಾಡಿದರು.

ಹಿರಿಯ ಅಳಿಯ ಏಳದೆ ಪಂಕ್ತಿ ಏಳುವಂತಿಲ್ಲ. ಉಳಿದವರದು ಮಜ್ಜಿಗೆ ಮುಗಿದು ಕೈ ಒಣಗಿತು. ಇವರು ಇನ್ನೂ ಕೋಸಂಬರಿಯಲ್ಲಿದ್ದರು. ಅಳಿಯ ಮುನಿಸಿಕೊಂಡಿದ್ದಾರೆ ಎಂದು ಮನೆಯಲ್ಲಿ ಗುಸುಗುಸು ಎದ್ದಿತು. ನಮ್ಮಪ್ಪ ಬಂದು ಕೈ ಮುಗಿದ. "ಅಳಿಯದೇವ್ರ, ನಮ್ಮಿಂದ ಏನರ ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೋರಿ."

ಇವರ ಬಾಯಲ್ಲಿ ತುತ್ತಿತ್ತು. ಇನ್ನು ಎಂಟು ಸಲ ಅಗಿದು ಮಾತಾಡುತ್ತೇನೆ ಎಂಬ ಅರ್ಥದಲ್ಲಿ ಎಂಟು ಬೆರಳು ಎತ್ತಿದರು. ಅಪ್ಪನ ಮುಖ ಅರಳಿತು. "ಎಂಟು ಹೋಳಿಗಿ ತರ್ರೆಲೇ, ಜಲ್ದಿ!"

ಎಲೆಯ ಮೇಲೆ ಎಂಟು ಹೋಳಿಗೆ, ಅದರ ಮೇಲೆ ಧಾರೆಯಾಗಿ ತುಪ್ಪ ಬಿತ್ತು. ಕೈ ಮುಗಿದು ನಿಂತ ಮುದುಕನ ಎದುರಿಗೆ ಇವರು ಒಲ್ಲೆ ಅನ್ನಲಾರದೆ ಹೋದರು. ಆ ಬೆರಳಿನ ಅರ್ಥ ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನು ಬಾಗಿಲ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತ ನಿಂತೆ, ಒಂದು ಮಾತು ಹೇಳಲಿಲ್ಲ. ಅದಾದ ಮೇಲೆ ಎರಡು ದಿನ ಅವರು ಎದೆ ಹಿಡಿದುಕೊಂಡು ಮಲಗಿದರು. ಅದನ್ನು ಮಾತ್ರ ನಾನು ಯಾರಿಗೂ ನಗುತ್ತ ಹೇಳಿಲ್ಲ.

ಎರಡನೇ ಪಂಕ್ತಿಯವರು ಹೊರಗೆ ಹಸಿದು ನಿಂತಿದ್ದರು. ಮದುಮಗ ನನ್ನ ತಮ್ಮ ಬಾಸಿಂಗ ಸರಿಪಡಿಸಿಕೊಳ್ಳುತ್ತ ನನ್ನ ಹತ್ತಿರ ಬಂದು ಕೇಳಿದ: "ಅಕ್ಕಾ, ಮಾವಾರು ಉಂಡು ಏಳೂದ್ರಾಗ ನನ್ನ ಮಗನ ಜವಳದ ಊಟ ಬರ್ತೈತೇನಬೇ?"

ಖಾಲಿ ಕೊಡ

ಕಡೆಯದು ನಡಿಗೆ. ಮುಂಜಾನೆ ಕಾಲುವೆಯ ಏರಿಯ ಮೇಲೆ ಒಂದು ತಾಸು. "ನೀನೂ ಬಾ" ಎಂದರು.

"ಅಯ್ಯ, ಗಂಡ ಹೆಂಡ್ತಿ ಕೆಲಸಿಲ್ದ ಅಡ್ಡಾಡಿದ್ರ ಮಂದಿ ಏನಂದಾರು?"

"ಏನಂತಾರ?"

"ಮಾಸ್ತರ ಹೆಂಡ್ತಿ ತವರಿಗೆ ಓಡಿ ಹೊಂಟಾಳ, ಮಾಸ್ತರ ಹಿಡಿಯಾಕ ಹೊಂಟಾರ ಅಂತಾರ."

ಅವರು ಬಿಡಲಿಲ್ಲ. ಕೊನೆಗೆ ನಾನು ಒಂದು ಉಪಾಯ ಮಾಡಿದೆ. ಸೊಂಟದಲ್ಲಿ ಖಾಲಿ ಕೊಡ ಇಟ್ಟುಕೊಂಡು ಅವರ ಹಿಂದೆ ಇಪ್ಪತ್ತು ಹೆಜ್ಜೆ ಬಿಟ್ಟು ನಡೆದೆ. ನೋಡಿದವರು ನೀರಿಗೆ ಹೊರಟಳು ಅಂದುಕೊಳ್ಳಲಿ ಎಂದು. ಒಂದು ಕಡೆ ಕಬ್ಬಿನ ಗದ್ದೆ, ಇನ್ನೊಂದು ಕಡೆ ನೀರು, ತಂಪು ಗಾಳಿ. ಮೊದಲೆರಡು ದಿನ ಅವರು ನಿಂತು ಕಾಯುತ್ತಿದ್ದರು, ನಾನೂ ಅಲ್ಲೇ ನಿಂತುಬಿಡುತ್ತಿದ್ದೆ. "ಪಕ್ಕಕ್ಕ ಬಾ" ಅನ್ನುತ್ತಿದ್ದರು. ನಾನು ಕಾಲುವೆ ನೋಡುತ್ತಿದ್ದೆ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ಕಡೆಗೆ ನಗಬೇಕಲ್ಲ. ಈ ನಡಿಗೆ ಆರೇ ದಿನ ನಡೆಯಿತು. ಆಮೇಲೆ ನಾನು ನಾಚಿಕೆಯಾಗಿ ಬಿಟ್ಟೆ. ಅವರು ನಾಲ್ಕು ದಿನ ಒಬ್ಬರೇ ಹೋದರು, ಬೇಸರವಾಗಿ ಅವರೂ ಬಿಟ್ಟರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವರ ಎದೆ ನಿಂತುಹೋಯಿತು. ನಾನು ಜೊತೆಗೆ ಹೋಗುತ್ತಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೋ ಏನೋ, ಯಾರನ್ನು ಕೇಳಲಿ?

ಆ ಆರನೇ ದಿನ ಆದದ್ದು ಇದು. ದಿನಾ ವಾಪಸ್ ಬರುವಾಗ ಖಾಲಿ ಕೊಡ ಯಾರಿಗೂ ಕಾಣಬಾರದೆಂದು ಅದರ ಬಾಯಿಗೆ ಸೆರಗು ಮುಚ್ಚಿಕೊಂಡು ಬರುತ್ತಿದ್ದೆ. ಓಣಿಯಲ್ಲಿ ಸುದ್ದಿಯಾಯಿತು: "ಎಲ್ಲೋ ಸಿಹಿನೀರು ಸಿಕ್ಕೈತಿ. ಮಾಸ್ತರ ಹೆಂಡ್ತಿ ಯಾರಿಗೂ ಹೇಳದಂಗ ಮುಚ್ಕೊಂಡು ತರ್ತಾಳ." ನಾಲ್ಕನೇ ದಿನ ಇಬ್ಬರು ಹೆಂಗಸರು ಕೊಡ ಹೊತ್ತು ನನ್ನ ಹಿಂದೆ ಬಂದರು. ಐದನೇ ದಿನ ನಾಲ್ವರು. ಆರನೇ ದಿನ ಏಳು ಮಂದಿ. ಮುಂದೆ ರುಮಾಲು ಸುತ್ತಿ ಕೋಲು ಹಿಡಿದ ನಮ್ಮನೆಯವರು, ಹಿಂದೆ ಸಾಲಾಗಿ ನಾವು ಎಂಟು ಜನ, ಎಂಟು ಕೊಡ. ಅವರು ಆಗಲೇ ಕಾಯುವುದು ಬಿಟ್ಟು ಧ್ಯಾಸವಿಟ್ಟು ನಡೆಯುತ್ತಿದ್ದರು, ಹಿಂದೆ ನೋಡಿರಲೇ ಇಲ್ಲ.

ಎದುರಿಗೆ ಬುಕ್ಕಸಾಗರದ ರೈತನೊಬ್ಬ ಬಾಳೆಗೊನೆಯ ಬಂಡಿ ಹೊಡೆದುಕೊಂಡು ಬಂದ. ನಮ್ಮನ್ನು ಕಂಡವನೇ ಎತ್ತು ನಿಲ್ಲಿಸಿ, ಇಳಿದು ಕೈ ಮುಗಿದ. "ಮದುವಿಗೆ ಗಂಗಿ ನೀರು ತರಾಕ ಹೊಂಟೀರೇನ್ರಿ ಮಾಸ್ತರ? ಯಾರ ಮದುವಿರಿ?"

ನಮ್ಮನೆಯವರು ಹಿಂದಿರುಗಿ ನೋಡಿದರು. ಸಾಲು ನೋಡಿದರು, ಕೊಡಗಳನ್ನು ನೋಡಿದರು, ಎಲ್ಲರ ಮುಂದೆ ಮುಖಕ್ಕೆ ಸೆರಗೆಳೆದುಕೊಂಡು ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ ರೈತನಿಗೆ ಸಮಾಧಾನವಾಗಿ ಹೇಳಿದರು:

"ನಂದ ಮದುವಿಪಾ, ಈಕಿ ಜೋಡಿ. ಆಗಿ ಹದಿನೆಂಟು ವರ್ಷ ಆತು. ಹೆಣ್ಣು ಇನ್ನೂ ಇಪ್ಪತ್ತು ಹೆಜ್ಜಿ ಹಿಂದ ಐತಿ."