ಕಲ್ಲಿನ ಪೇರಲ

ಏಳು ತಿಂಗಳ ಬಸುರಿ ಅಮೃತಾ ಗಂಡನ ಮನೆಯಿಂದ ಫೋನು ಮಾಡಿ, "ಅಪ್ಪಾ, ನಮ್ಮ ಹಿತ್ತಲದಾಗಿನ ಪೇರಲ ತಿನ್ನಬೇಕು ಅನಸ್ತೈತಿ. ಸೋಮವಾರ ಸಂಜಿ ಬಸ್ಸಿಗೆ ಬರ್ತೀನಿ," ಅಂದಳು. ಆದದ್ದು ಇಷ್ಟೇ. ಮಿಕ್ಕದ್ದೆಲ್ಲ ಮಂಗಗಳಿಂದ ಆಯಿತೆಂದು ಅವಳ ಅಪ್ಪ ಮಡಿವಾಳೆಪ್ಪ ಹೇಳುತ್ತಾನೆ. ಮಡಿವಾಳೆಪ್ಪನಿಂದ ಆಯಿತೆಂದು ಅವನ ಊರು ತಂಬೂರಿನ ಜನ ಹೇಳುತ್ತಾರೆ.

ಹಿತ್ತಲಲ್ಲಿ ಪೇರಲ ಗಿಡವೇನೋ ಇತ್ತು. ಆದರೆ ಅದರ ಹಣ್ಣಿನ ರುಚಿ ಮನೆಯವರಿಗೆ ಮರೆತು ಮೂರು ವರ್ಷವಾಗಿತ್ತು. ಕಾಯಿ ಹಳದಿಗೆ ತಿರುಗುವ ದಿನ ಮಂಗಗಳಿಗೆ ಪಂಚಾಂಗ ನೋಡಿದವರ ಹಾಗೆ ಗೊತ್ತಾಗುತ್ತಿತ್ತು. ಡಬ್ಬಿ ಬಡಿದರೆ ಅವು ಕೂತು ಕೇಳುತ್ತಿದ್ದವು.

ಮಡಿವಾಳೆಪ್ಪ ಪೇಂಟರು. ಟ್ರ್ಯಾಕ್ಟರ್ ಟ್ರೇಲಿಗಳ ಹಿಂದೆ ಮಾಲೀಕರ ಮಕ್ಕಳ ಹೆಸರು ಬರೆಯುತ್ತ ಮೂವತ್ತು ವರ್ಷ ಕಳೆದವನು. ಸ್ಟಿಕರ್ ಬಂದ ಮೇಲೆ ಕೈಗೆ ಕೆಲಸವಿರಲಿಲ್ಲ. ಮಗಳ ಫೋನು ಇಟ್ಟವನೇ ಹಳ್ಳಕ್ಕೆ ಹೋಗಿ ಒಂದು ಚೀಲ ಗುಂಡುಗಲ್ಲು ಹೊತ್ತು ತಂದ. ನಾಲ್ಕು ದಿನ ಕಟ್ಟೆಯ ಮೇಲೆ ಕೂತು ಅರವತ್ತು ಕಲ್ಲಿಗೆ ಪೇರಲದ ಬಣ್ಣ ಕೊಟ್ಟ. ಹಳದಿಯೊಳಗೆ ಹಸಿರು, ಅಲ್ಲಲ್ಲಿ ಕಂದು ಚುಕ್ಕೆ, ಒಂದೆರಡಕ್ಕೆ ಗಿಳಿ ಕುಕ್ಕಿದ ಗಾಯ. ತಲೆಗೆ ಒಣ ತೊಟ್ಟು ಅಂಟಿಸಿ, ದಾರ ಹಾಕಿ, ಹಣ್ಣಿನ ನಡುವೆ ಕಟ್ಟಿದ. ಮಂಗ ಎರಡು ಸಲ ಕಲ್ಲು ಕಚ್ಚಿದರೆ ಮೂರನೆಯ ಸಲ ಗಿಡದ ಹೆಸರೆತ್ತುವುದಿಲ್ಲ ಎಂಬುದು ಅವನ ಅಂದಾಜು.

ಕಲ್ಲುಗಳ ಬುಡಕ್ಕೆ ಸಣ್ಣ ಅಕ್ಷರದಲ್ಲಿ 'ಮಡಿವಾಳೆಪ್ಪ ಆರ್ಟ್ಸ್, ತಂಬೂರ' ಎಂದು ಬರೆದು, ಕೆಳಗೆ ಮೊಬೈಲ್ ನಂಬರ್ ಹಾಕಿದ. ಹಾಕಬೇಕೆಂದು ಹಾಕಿದ್ದಲ್ಲ. ಮೂವತ್ತು ವರ್ಷದ ರೂಢಿ, ಕೈ ತಾನೇ ಬರೆಯಿತು.

ಸೋಮವಾರ ಬೆಳಿಗ್ಗೆ ಮಂಗಗಳು ಬಂದವು. ಹಿರಿಯ ಗಂಡು ಮಂಗ ಒಂದು ಕಲ್ಲು ಕಿತ್ತು ಕಚ್ಚಿತು. ಕಲ್ಲನ್ನು ನೋಡಿತು. ಆಮೇಲೆ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಮಡಿವಾಳೆಪ್ಪನನ್ನು ನೋಡಿತು.

"ನೋಡಿದೇನ, ಹೆಂಗ ಫಜೀತಿ ಆತು ಅದಕ್ಕ!" ಎಂದು ಅವನು ಹೆಂಡತಿ ಶಾರದವ್ವನಿಗೆ ಹೇಳುವಷ್ಟರಲ್ಲಿ ಮಂಗ ಕಲ್ಲನ್ನು ಬೀಸಿ ಒಗೆಯಿತು. ಅದು ಬಾಜು ಮನೆಯ ನೀಲಕ್ಕನ ಮಾಡಿನ ಹಂಚು ಒಡೆದು, ಅವಳು ರೊಟ್ಟಿಗೆಂದು ನಾದುತ್ತಿದ್ದ ಹಿಟ್ಟಿನೊಳಗೆ ಹೋಗಿ ಕೂತಿತು. ಉಳಿದ ಮಂಗಗಳು ಹಿರಿಯನನ್ನು ನೋಡಿ ಕಲಿತವು. ಹಣ್ಣು ತಿನ್ನುವುದನ್ನೇ ಮರೆತು, ಕಲ್ಲು ಹುಡುಕಿ ಹುಡುಕಿ ಕಿತ್ತು, ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಊರ ತುಂಬ ಒಗೆದವು.

ಮಡಿವಾಳೆಪ್ಪನ ಫೋನು ರಿಂಗಾಯಿತು. ಎರಡು ತಿಂಗಳ ಮೇಲೆ ಕೆಲಸದ ಕರೆ. "ಹಲೋ, ಮಡಿವಾಳೆಪ್ಪ ಆರ್ಟ್ಸ್! ಹೇಳ್ರಿ, ಬೋರ್ಡ್ ಬರೀಬೇಕಾಗಿತ್ತೇನ್ರಿ?"

"ಬೋರ್ಡ್ ಅಲ್ಲ ಕಾಕಾ, ನಾ ಇಲಿಯಾಸ್. ನನ್ನ ಟಂಟಂ ಗಾಡಿ ಗ್ಲಾಸ್ ಒಡದೈತಿ. ಸೀಟಿನ ಮ್ಯಾಲ ಒಂದು ಪೇರಲ ಬಿದ್ದೈತಿ. ಅದರ ಬುಡಕ ನಿನ್ನ ನಂಬರ್ ಐತಿ."

ಬೆಳಿಗ್ಗೆ ಹತ್ತು ಗಂಟೆಯೊಳಗೆ ಒಂಬತ್ತು ಫೋನು ಬಂದವು. ಪಂಚಾಯ್ತಿ ಮೆಂಬರ್ ಹನಮಂತಪ್ಪನ ಟಿವಿ ಡಿಶ್ ಸೊಟ್ಟಗಾಗಿತ್ತು. ಮಿಶ್ರಿಕೋಟಿಯಿಂದ ಗುರುತಿಲ್ಲದ ಒಬ್ಬನು, ತಾನು ತಂಬೂರಿನಿಂದ ತಂದ ಹೊಟ್ಟಿನ ಗಾಡಿಯಲ್ಲಿ ಇದು ಸಿಕ್ಕಿತೆಂದೂ, ಹಣ್ಣಾಗಲು ಇನ್ನೆಷ್ಟು ದಿನ ಇಡಬೇಕೆಂದೂ ಕೇಳಿದ.

ಮಧ್ಯಾಹ್ನ ನಷ್ಟವಾದವರೆಲ್ಲ ಹಿತ್ತಲಿಗೆ ಬಂದರು. ಕೈಯಲ್ಲಿ ಒಂದೊಂದು ಕಲ್ಲಿತ್ತು.

"ಹಂಚು ಹಾಕಿ ಕೊಡ್ತೇನ್ರಿ, ಗ್ಲಾಸೂ ಹಾಕಿ ಕೊಡ್ತೇನಿ," ಎಂದ ಮಡಿವಾಳೆಪ್ಪ. "ಸಂಜಿಗೆ ಮಗಳು ಬರಾಕತ್ತಾಳ. ಇವತ್ತೊಂದು ದಿನ ಬಿಡ್ರಿ."

"ಅದು ಆಮ್ಯಾಲಿನ ಮಾತು," ಎಂದ ಹನಮಂತಪ್ಪ. "ಗಿಡದಾಗ ಇನ್ನೂ ಕಲ್ಲು ಅದಾವ. ಮಂಗ್ಯಾಗೋಳು ನಾಳೆ ಮತ್ತ ಬರ್ತಾವ. ಎಲ್ಲಾ ಈಗ ಇಳಸಬೇಕು."

"ಆತ್ರಿ. ಯಾವುದು ಕಲ್ಲು, ಯಾವುದು ಹಣ್ಣು, ನಾನ ಗುರ್ತ ಹಿಡದು ಇಳಸ್ತೇನಿ."

"ತಪ್ಪು ಮಾಡಿದವನ ಸಾಕ್ಷಿ ನಡೆಯೂದಿಲ್ಲ."

"ಬುಡಕ ನಂಬರ್ ಐತಲ್ಲರಿ, ನೋಡಿದ್ರ ಗೊತ್ತಾಗ್ತೈತಿ."

"ಎಲ್ಲಾದಕ್ಕೂ ಬರದಿಯೇನು?"

ಮಡಿವಾಳೆಪ್ಪ ಸುಳ್ಳು ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ತಲೆ ಕೆರೆದುಕೊಂಡು, "ಕಡೀಕ ಐದಾರು ಕಲ್ಲಿಗೆ ಬರಿಯಾಕ ಕರೀ ಬಣ್ಣ ಸಾಲಲಿಲ್ರಿ," ಎಂದ.

"ನೋಡಿದ್ರ್ಯಾ!" ಎಂದಳು ನೀಲಕ್ಕ. "ಮಂಗ್ಯಾಗೋಳು ಹೆಂಗ ಕಂಡುಹಿಡದ್ವು? ಕಚ್ಚಿ. ನಾವು ಅವಕ್ಕಿಂತ ಕಡಿಮಿ ಅದೇವೇನು?"

ಮೊದಲನೆಯದನ್ನು ಹನಮಂತಪ್ಪನೇ ಕಚ್ಚಿದ. ಟಕ್ ಎಂದಿತು. ಅವನು ಸ್ವಲ್ಪ ಹೊತ್ತು ದವಡೆ ಹಿಡಿದುಕೊಂಡು ನಿಂತಿದ್ದು, "ಕಲ್ಲು," ಎಂದು ಅದನ್ನು ಚೀಲಕ್ಕೆ ಹಾಕಿದ. ಇನ್ನು ಮುಂದೆ ಉಗುರು ಒತ್ತಿದರೆ ನಾಟುವಂಥದ್ದನ್ನು ಮಾತ್ರ ಕಚ್ಚಬೇಕೆಂದು ನಿಯಮ ಮಾಡಿದ. ಇದರಿಂದ ಹಲ್ಲಿನ ಹಾನಿ ನಿಂತಿತು.

"ಉಗರು ನಾಟಿದ್ರ ಅದು ಹಣ್ಣ ಅಲ್ಲೇನ್ರಿ?" ಎಂದು ಶಾರದವ್ವ ಕೇಳಿದಳು. "ಮತ್ತ್ಯಾಕ ಕಚ್ಚೂದು?"

"ಖಾತ್ರಿ ಮಾಡ್ಕೊಳ್ಳಾಕ," ಎಂದ ಹನಮಂತಪ್ಪ.

ಸುದ್ದಿ ಹಬ್ಬಿ ಓಣಿಯವರೆಲ್ಲ ಬಂದರು. ಊರಿನ ಕೆಲಸವೆಂದರೆ ಹಿಂದುಳಿಯುವವರಲ್ಲ. ಇಲಿಯಾಸ್ ಗಿಡ ಹತ್ತಿ ಕಿತ್ತು ಕೊಟ್ಟ, ಕೆಳಗಿದ್ದವರು ಕಚ್ಚಿದರು. ನೀಲಕ್ಕ ಒಂದು ಕಚ್ಚಿ "ಹಣ್ಣು" ಎಂದಳು. ಮತ್ತೆ ತಿರುಗಿಸಿ ಆ ಕಡೆಯೂ ಕಚ್ಚಿದಳು.

"ಒಮ್ಮೆ ಕಚ್ಚಿದ್ರ ಸಾಕಲ್ಲವಾ ನೀಲಕ್ಕ?" ಎಂದ ಮಡಿವಾಳೆಪ್ಪ.

"ಈ ಬಾಜು ಕಲ್ಲಿದ್ರ?"

"ಕಚ್ಚಿದ್ದರಾಗ ಚಲೋ ಇದ್ದದ್ದು ನಾಕು ಹಣ್ಣರ ಉಳಸ್ರಿ. ನನ್ನ ಮಗಳು ಆಸಿ ಪಟ್ಟು ಬರಾಕತ್ತಾಳ."

"ಬಸುರಿ ಹುಡುಗಿಗೆ ಎಂಜಲ ಕೊಡ್ತೀಯೇನಪಾ?" ಎಂದು ಹನಮಂತಪ್ಪನಿಗೆ ಸಿಟ್ಟೇ ಬಂತು. "ಕಚ್ಚಿದ್ದು ಪೂರಾ ತಿಂದು ಮುಗಸ್ರಿ ಎಲ್ಲಾರೂ!"

ಎಲ್ಲರೂ ಅವನ ಮಾತು ಪಾಲಿಸಿದರು.

ಗಲಾಟೆಯಲ್ಲಿ ಮಡಿವಾಳೆಪ್ಪ ಒಂದೇ ಒಂದು ಹಣ್ಣನ್ನು, ಎಲ್ಲಕ್ಕಿಂತ ದೊಡ್ಡದನ್ನು, ಅಂಗಿಯ ಕಿಸೆಗೆ ಇಳಿಸಿ ಮೇಲೆ ಟವೆಲ್ ಹೊದ್ದುಕೊಂಡ. ಮಗಳಿಗೆ ಒಂದಾದರೂ ಉಳಿಯಿತು ಎಂದು ಅವನಿಗೆ ಸಮಾಧಾನವಾಯಿತು. ಗಿಡದ ಮೇಲಿದ್ದ ಇಲಿಯಾಸನಿಗೆ ಎಲ್ಲ ಕಾಣುತ್ತಿತ್ತು.

"ಕಾಕಾ, ಕಿಸೇದಾಗ ಕಲ್ಲು ಮುಚ್ಚಿಟ್ಟೀ ಏನು?"

ಅದು ಕಲ್ಲಲ್ಲವೆಂದು ಮೂವರು ಕಚ್ಚಿ ಖಾತ್ರಿ ಮಾಡಿದರು.

ಐದೂವರೆಗೆ ಗಿಡದಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಜನ ಕಟ್ಟೆಯ ಮೇಲೆ ಸುಧಾರಿಸಿಕೊಳ್ಳುತ್ತ ಕೂತಿದ್ದಾಗ ಅಮೃತಾ ಬಸ್ಸಿಳಿದು ಬಂದಳು. ಮಡಿವಾಳೆಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ. "ತಂಗೀ, ಹಣ್ಣು..." ಎಂದು ನಿಲ್ಲಿಸಿದ.

ಅಮೃತಾ ನಕ್ಕಳು. "ಗೊತ್ತೈತಿ ಬಿಡಪಾ. ಮಂಗ್ಯಾಗೋಳು ಎಲ್ಲಿ ಉಳಸ್ತಾವ ಅಂತ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಾಗ ಎರಡು ಕಿಲೋ ತಗೊಂಡ ಬಂದೇನಿ. ಕುಂದರು, ಕೂಡಿ ತಿನ್ನೂಣು."

ಮಡಿವಾಳೆಪ್ಪನ ಕಣ್ಣು ಒದ್ದೆಯಾದವು. ಅಮೃತಾ ಚೀಲಕ್ಕೆ ಕೈ ಹಾಕಿ ಒಂದು ಹಣ್ಣು ತೆಗೆದು ಬಾಯಿಯ ಹತ್ತಿರ ತಂದಳು.

"ತಡೀಯವ್ವಾ!" ಎಂದು ಹನಮಂತಪ್ಪ ಗಾಬರಿಯಿಂದ ಎದ್ದು ಬಂದ. "ಎರಡು ಜೀವದಾಕಿ ನೀ. ಹಂಗ ಕಚ್ಚಬ್ಯಾಡ, ಈ ಮನೀ ಒಳಗ ನಂಬಾಕ ಬರೂದಿಲ್ಲ."

ಅವಳ ಕೈಯಿಂದ ಹಣ್ಣನ್ನೂ ಚೀಲವನ್ನೂ ತೆಗೆದುಕೊಂಡು ಕಟ್ಟೆಯ ಮೇಲೆ ಕೂತ. ನೀಲಕ್ಕ ಬಾಯಿ ಒರೆಸಿಕೊಂಡು ಅವನ ಬಾಜು ಸರಿದು ಕೂತಳು.

"ಒಂದೊಂದ ಕೊಡ್ರಿ," ಎಂದಳು.