ಹಳೇ ಕಂಪ್ಯೂಟರಿನ ಪರವಾಗಿ ಡೌನ್‌ಲೋಡ್ ಪುಟಕ್ಕೊಂದು ವಿನಂತಿ

ಮಾನ್ಯ ಡೌನ್‌ಲೋಡ್ ಪುಟದವರೇ,

ಮೊದಲಿಗೆ ತಮ್ಮ ಶುಭ್ರವಾದ ಬಿಳಿ ಮೈಗೂ, ಅದರ ನಟ್ಟನಡುವೆ ದಿನಗಟ್ಟಲೆ ದಣಿವರಿಯದೆ ತಿರುಗಿದ ಆ ಬೂದು ಬಣ್ಣದ ವೃತ್ತಕ್ಕೂ, ತಮ್ಮನ್ನು ಸಾಕಿ ಸಲಹುತ್ತಿರುವ ಕಸೂತಿ ಯಂತ್ರದ ಕಂಪನಿಯ ಸಮಸ್ತ ಬಳಗಕ್ಕೂ ನನ್ನ ವಿನಯಪೂರ್ವಕ ನಮಸ್ಕಾರಗಳು. ಎಂಟು ವರ್ಷ ಹಾಸ್ಟೆಲಿನಲ್ಲಿದ್ದು ಓದಿದವಳು ನಾನು. ಒಡೆದ ಬಕೆಟ್ಟಿಗೂ ಉರಿಯದ ಬಲ್ಬಿಗೂ ವಾರ್ಡನ್ನರಿಗೆ ಅರ್ಜಿ ಬರೆದೇ ಅಭ್ಯಾಸವಾದ್ದರಿಂದ, ಬಾಯಿತುಂಬ ಬೈಯಬೇಕೆನಿಸಿದಾಗಲೂ ಕೈ ತಾನಾಗಿ ‘ತಮ್ಮಲ್ಲಿ ವಿನಂತಿ’ ಎಂದು ಬರೆದುಬಿಡುತ್ತದೆ. ತಾವು ಹದಿನೇಳು ಭಾಷೆಗಳನ್ನು ಬಲ್ಲವರೆಂದು ತಮ್ಮ ಮೂಲೆಯ ಪಟ್ಟಿ ಹೇಳುತ್ತದೆ. ನಾನು ಬರೆಯುತ್ತಿರುವ ಈ ಭಾಷೆ ಅದರಲ್ಲಿಲ್ಲ. ಹಾಗಾಗಿ ಈ ಪತ್ರದ ಒಂದಕ್ಷರವೂ ತಮಗೆ ಅರ್ಥವಾಗಲಾರದು. ಬೇಸರಿಸಬೇಡಿ, ತಾವೂ ನನಗೆ ಹಾಗೆಯೇ ಇದ್ದೀರಿ.

ನನ್ನ ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಸೂತಿ ಅಂಗಡಿ ನಡೆಸುತ್ತಾರೆ. ಅಲ್ಲಿ ತಮ್ಮ ಕಂಪನಿಯದೇ ಒಂದು ಯಂತ್ರವಿದೆ, ಪಕ್ಕದಲ್ಲಿ ಹಲ್ಲಿನ ಹಾಗೆ ಹಳದಿಗೆ ತಿರುಗಿದ ಒಂದು ಕಂಪ್ಯೂಟರಿದೆ. ಪರದೆಯ ಮೇಲೆ ಬಿಡಿಸಿದ ಚಿತ್ರವನ್ನು ಕಂಪ್ಯೂಟರು ಹೆಬ್ಬೆರಳು ದಪ್ಪದ ವೈರಿನ ಮೂಲಕ ಯಂತ್ರಕ್ಕೆ ಹೇಳುತ್ತದೆ. ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಇಬ್ಬರ ನಡುವೆ ಮಾತು ದಾಟಿಸಲು ದುಭಾಷಿಯಂಥ ಒಂದು ಪುಟ್ಟ ಸಾಫ್ಟ್‌ವೇರು ಬೇಕು. ಅದರ ತೂಕ ಮುನ್ನೂರ ನಲವತ್ತು ಕೆಬಿ. ನನ್ನ ಫೋನಿನಲ್ಲಿ ಕೈ ನಡುಗಿ ಮಸುಕಾಗಿ ಬಂದ ಫೋಟೋ ಕೂಡ ಅದರ ಹತ್ತು ಪಟ್ಟು ತೂಗುತ್ತದೆ.

ಆ ದುಭಾಷಿಯನ್ನು ಅಳಿಸಿದವಳು ನಾನೇ. ಮೊದಲ ಸೆಮಿಸ್ಟರು ಮುಗಿಸಿ ರಜೆಗೆ ಬಂದಿದ್ದೆ. ಪರೀಕ್ಷೆಯ ಹಾಳೆಗೆ ಅಷ್ಟೇನೂ ಇಳಿಯದ ಕಂಪ್ಯೂಟರ್ ಸೈನ್ಸು ತಲೆಗೆ ಮಾತ್ರ ಚೆನ್ನಾಗಿ ಏರಿತ್ತು. ಸೋಮವಾರ ಬೆಳಿಗ್ಗೆ, “ಚಿಕ್ಕಮ್ಮಾ, ನಿಮ್ಮ ಕಂಪ್ಯೂಟರ್ ತುಂಬಾ ಸ್ಲೋ, ಕ್ಲೀನ್ ಮಾಡಿಕೊಡ್ತೀನಿ” ಎಂದೆ. “ಮಾಡು ಪುಟ್ಟಿ, ದಾರದ ಡಬ್ಬಿ ಒಂದು ಮುಟ್ಬೇಡ” ಎಂದರು. ದಾರದ ಡಬ್ಬಿಯನ್ನು ನಾನು ಮುಟ್ಟಲಿಲ್ಲ. ತಲೆಬುಡ ತಿಳಿಯದ ಹೆಸರಿನ, ನನಗಿಂತ ಎರಡು ವರ್ಷ ದೊಡ್ಡದಾದ ಒಂದು ಫೋಲ್ಡರನ್ನು ಕಂಡು, ಇಷ್ಟು ಹಳೆಯದು ಯಾರಿಗೆ ಬೇಕೆಂದು ಅಳಿಸಿದೆ. ಹಾಸ್ಟೆಲಿನ ಶಿಸ್ತು ಬಿಡಬೇಕಲ್ಲ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ಮಂಗಳವಾರದಿಂದ ಯಂತ್ರ ಮಾತು ಬಿಟ್ಟಿತು. ಮಕ್ಕಳ ಬ್ಯಾಂಡ್ ತಂಡದ ಇಪ್ಪತ್ತಾರು ಕೋಟುಗಳ ಬೆನ್ನಿಗೆ ದುಂಡನೆಯ ಲಾಂಛನ, ನಡುವೆ ಒಂದು ಕಹಳೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೊಡಬೇಕು. ಹನ್ನೊಂದಕ್ಕೆ ಆ ಮಕ್ಕಳ ಮೊದಲ ಮೆರವಣಿಗೆ. ಚಿಕ್ಕಮ್ಮನಿಗೆ ಬಲ ಮಣಿಕಟ್ಟು ಬಾತು, ಇನ್ನು ಕೈಹೊಲಿಗೆ ಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಿಂದಲೇ ಈ ಯಂತ್ರ ಮನೆಗೆ ಬಂದದ್ದು. ಅವರು ಯಂತ್ರದ ಬೆನ್ನು ಸವರಿ, “ವಯಸ್ಸಾಯ್ತು ಪಾಪ, ನನ್ನ ಹಾಗೇ” ಎಂದರು. ಮಣಿಕಟ್ಟಿಗೆ ಪಟ್ಟಿ ಬಿಗಿದು, ಸೂಜಿ ತೆಗೆದುಕೊಂಡು ಕೂತರು. ವೃತ್ತ ಗುರುತು ಹಾಕುವ ಕೆಲಸ ನನಗೆ ಬಂತು. ಬಟ್ಟೆಯ ಗವಸಿನೊಳಗೆ ಹೊಲಿದಿಟ್ಟ ಅಂಗೈಯಗಲದ ಒಂದು ತಟ್ಟೆಯನ್ನಿಟ್ಟು, ಅದರ ಸುತ್ತ ಸೀಮೆಸುಣ್ಣ ಓಡಿಸಿ ಇಪ್ಪತ್ತಾರು ವೃತ್ತ ಎಳೆದೆ. ತಪ್ಪೊಪ್ಪಿಕೊಳ್ಳೋಣವೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಬಾಯಿಂದ ಬಂದದ್ದು “ಕಾಫಿ ಬೇಕಾ?” ಎಂಬ ಮಾತು. ಮೂರನೆಯ ಲೋಟ ಕೈಗೆ ಕೊಟ್ಟಾಗ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿ, “ಏನೇ ಇಷ್ಟು ಉಪಚಾರ? ಫೇಲಾದ್ಯಾ?” ಎಂದರು.

ಹೀಗೆ ದಿಕ್ಕು ತೋಚದೆ ನಾನು ತಮ್ಮ ಬಾಗಿಲಿಗೆ ಬಂದೆ, ಮಾನ್ಯರೇ. ತಾವು ನನ್ನನ್ನು ಬರಮಾಡಿಕೊಂಡ ಬಗೆಯನ್ನು ಎಷ್ಟು ಕೊಂಡಾಡಿದರೂ ಸಾಲದು.

ಹಳೇ ಕಂಪ್ಯೂಟರಿನಿಂದ ತಮ್ಮ ವಿಳಾಸ ಒತ್ತಿದಾಗ, ತಮ್ಮ ಗುರುತಿನ ಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂಬ ಎಚ್ಚರಿಕೆ ಬಂತು. ನೋಡಿದರೆ ಕಂಪ್ಯೂಟರಿನ ಒಳಗಿನ ಬ್ಯಾಟರಿ ಸತ್ತು, ಅದರ ಕ್ಯಾಲೆಂಡರು ನಾನು ಹುಟ್ಟುವ ಮುಂಚಿನ ವರ್ಷದಲ್ಲೇ ನಿಂತಿತ್ತು. ತಾರೀಖು ತಿದ್ದಿದೆ. ಆಗ ತಾವು, ನನ್ನ ಬ್ರೌಸರು ಹಳೆಯದಾಯಿತು, ಹೊಸದನ್ನು ಹಾಕಿಕೊಂಡು ಬಾ ಎಂದಿರಿ. ಹೊಸ ಬ್ರೌಸರಿನ ಪುಟಕ್ಕೆ ಹೋದರೆ ಅದನ್ನು ಇಳಿಸಿಕೊಳ್ಳುವುದಕ್ಕೂ ಹೊಸ ಬ್ರೌಸರೇ ಬೇಕೆಂದು ಅವರು ಹೇಳಿದರು. ಸ್ನಾನ ಮಾಡಿಕೊಂಡು ಬಂದವರಿಗೆ ಮಾತ್ರ ಸ್ನಾನದ ಮನೆಯ ಬೀಗದ ಕೈ ಕೊಡುವ ಇಂಥ ವ್ಯವಸ್ಥೆಯನ್ನು ನಮ್ಮ ಹಾಸ್ಟೆಲಿನಲ್ಲೂ ನಾನು ಕಂಡಿರಲಿಲ್ಲ. ಅಲ್ಲಿ ಇದನ್ನು ಯಾರೂ ಯೋಚಿಸಿರಲಿಲ್ಲವೆಂದೇ ಕಾಣುತ್ತದೆ.

ಹೇಗೋ ತಿಣುಕಾಡಿ ಬುಧವಾರ ತಮ್ಮ ಪುಟದ ಒಂದು ಭಾಗವನ್ನು ತೆರೆಸಿದೆ. ಕುಕೀಗಳಿಗೆ ಒಪ್ಪಿಗೆಯೇ ಎಂದು ಕೇಳಿದಿರಿ. ಒಪ್ಪಿಗೆ ಎನ್ನುವ ಗುಂಡಿ ಚಿಕ್ಕಮ್ಮನ ಕಿರಿದಾದ ಪರದೆಯಿಂದ ಕೆಳಗೆ ಬಿದ್ದುಹೋಗಿತ್ತು. ಟ್ಯಾಬ್ ಕೀಲಿಯನ್ನು ಹನ್ನೊಂದು ಸಲ ಒತ್ತಿ, ಕಾಣದ ಗುಂಡಿಗೆ ಒಪ್ಪಿಗೆ ಕೊಟ್ಟೆ. ನಾನು ರೋಬೋ ಅಲ್ಲವೆಂದು ರುಜುವಾತು ಮಾಡಲು, ಒಂಬತ್ತು ಚೌಕಗಳಲ್ಲಿ ಬಸ್ಸು ಇರುವಂಥವನ್ನು ಆರಿಸು ಎಂದಿರಿ. ಒಂಬತ್ತೂ ಚೌಕಗಳು ಖಾಲಿ ಇದ್ದವು, ಚಿತ್ರಗಳು ಬಂದಿರಲೇ ಇಲ್ಲ. ಹಿಂದೆ ನಿಂತು ಸೂಜಿಗೆ ದಾರ ಪೋಣಿಸುತ್ತಿದ್ದ ಚಿಕ್ಕಮ್ಮ ಇಣುಕಿ, “ಬಸ್ಸು ಹೋಗ್ಬಿಟ್ಟಿದೆ ಕಣೇ, ಮುಂದಿನದಕ್ಕೆ ಕಾಯಿ” ಎಂದರು. ಕಾದೆ. ಬಂದದ್ದು ಆ ಬೂದು ವೃತ್ತ. ಅದರ ಕಾರ್ಯಶ್ರದ್ಧೆ ದೊಡ್ಡದು: ಏನನ್ನೂ ತರದೆ, ಎಲ್ಲಿಗೂ ಹೋಗದೆ, ಒಮ್ಮೆಯೂ ತಲೆಸುತ್ತು ಬಾರದೆ ಅದು ತಿರುಗುತ್ತಲೇ ಇತ್ತು.

ಇನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಇಳಿಸಿಕೊಂಡು ಇದಕ್ಕೆ ದಾಟಿಸಬಾರದಿತ್ತೇ ಎಂದು ತಾವು ಕೇಳಬಹುದು. ಅದನ್ನೂ ಮಾಡಿದೆ. ಲ್ಯಾಪ್‌ಟಾಪಿನಿಂದ ಬಂದಾಗ ತಾವು ಎಷ್ಟು ಚೆಂದ ಅರಳಿದಿರಿ! ನಗುವ ಹೆಂಗಸರು, ತೇಲುವ ನೂಲಿನ ಉಂಡೆಗಳು, ಕೇಳದೆಯೇ ಹಾಡುವ ವಿಡಿಯೋ. ಆದರೆ ನನ್ನ ಲ್ಯಾಪ್‌ಟಾಪು ಹೊಸದೆಂದು ತಾವಾಗಿ ಕಂಡುಕೊಂಡು, ಎರಡು ಜಿಬಿ ತೂಗುವ ಹೊಸ ಆವೃತ್ತಿಯನ್ನಷ್ಟೇ ಮುಂದಿಟ್ಟಿರಿ. ಅದು ಚಿಕ್ಕಮ್ಮನ ಯಂತ್ರದ ಗುರುತನ್ನೇ ಹಿಡಿಯುವುದಿಲ್ಲ. ಹಳೆಯದು ಎಲ್ಲಿ ಎಂದು ಹುಡುಕಿದರೆ, ಹಳೆಯ ಆವೃತ್ತಿಗಾಗಿ ದಯವಿಟ್ಟು ಹಳೆಯ ಕಂಪ್ಯೂಟರಿನಿಂದಲೇ ಭೇಟಿ ಕೊಡಿ ಎಂಬ ಸಾಲು ತೀರಾ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿತ್ತು. ಅಂದರೆ ಒಳಗೆ ಬರಬಲ್ಲವರಿಗೆ ತಾವು ಆ ಫೈಲನ್ನು ತೋರಿಸುವುದಿಲ್ಲ, ಆ ಫೈಲು ಬೇಕಾದವರನ್ನು ಒಳಗೆ ಬಿಡುವುದಿಲ್ಲ. ಇದನ್ನು ಯೋಚಿಸಿದವರು ಯಾರೋ, ಅವರಿಗೆ ಬಡ್ತಿ ಸಿಕ್ಕಿರಲೇಬೇಕು.

ತಮ್ಮ ಪುಟದ ಮೂಲೆಯಲ್ಲಿ ಸಹಾಯಕ್ಕೆಂದು ಕೂತಿರುವ ಚಾಟ್ ಗೊಂಬೆಗೂ ನನ್ನ ಪ್ರಣಾಮಗಳು. ಗುರುವಾರ ನಾನು ಅದಕ್ಕೆ ಇಪ್ಪತ್ತು ಸಾಲುಗಳಲ್ಲಿ, ಉಸಿರು ಬಿಗಿಹಿಡಿದು, ಅಳಿಸಿದ ಫೋಲ್ಡರು, ಮಣಿಕಟ್ಟು, ಇಪ್ಪತ್ತಾರು ಕಹಳೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ತೋಡಿಕೊಂಡೆ. ಯಾರಿಗೂ ಹೇಳದ್ದನ್ನು ಮೊದಲು ಹೇಳಿದ್ದು ಅದಕ್ಕೇ. ಅದು ‘ಹೊಸ ಯಂತ್ರ ಕೊಳ್ಳಲು ತಾವು ತೋರಿದ ಆಸಕ್ತಿಗೆ ಧನ್ಯವಾದಗಳು’ ಎಂದು ಉತ್ತರಿಸಿ, ಜೊತೆಗೊಂದು ಚಪ್ಪಾಳೆಯ ಚಿತ್ರ ಕಳಿಸಿತು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಾವು ಒಮ್ಮೆ ದಯಮಾಡಿಸಿ ನಮ್ಮ ಅಂಗಡಿಯ ಮುರುಕು ಸ್ಟೂಲಿನ ಮೇಲೆ ಕೂತು, ಹಳದಿ ಕಂಪ್ಯೂಟರಿನಲ್ಲಿ ತಮ್ಮನ್ನು ತಾವೇ ತೆರೆದು ನೋಡಿಕೊಳ್ಳಬೇಕು. ಹಾಗೆ ಬಂದಾಗ ತಾವು ರೋಬೋ ಅಲ್ಲವೆಂದು ತೋರಿಸಲು, ಚಿಕ್ಕಮ್ಮ ಕೊಡುವ ಒಂಬತ್ತು ಸೂಜಿಗಳಿಗೆ ಕನ್ನಡಕವಿಲ್ಲದೆ ದಾರ ಪೋಣಿಸಬೇಕು. ಇದ್ಯಾವುದೂ ಆಗದಿದ್ದರೆ, ಮುನ್ನೂರ ನಲವತ್ತು ಕೆಬಿಯನ್ನು ಒಂದು ಹಾಳೆಯ ಮೇಲೆ ಬರೆದು, ಸೈಕಲ್ ತುಳಿಯಬಲ್ಲ ಯಾರ ಕೈಯಲ್ಲಾದರೂ ಕಳಿಸಿಕೊಡಿ. ನಾಲ್ಕು ದಿನದಲ್ಲಿ ಅವರು ಖಂಡಿತ ತಲುಪುತ್ತಿದ್ದರು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಲಾಂಛನಗಳಷ್ಟೇ ಮುಗಿದಿದ್ದವು. ಬ್ಯಾಂಡ್ ಮಾಸ್ತರರು ಬಂದು, “ಅಕ್ಕಾ, ನಾಳೆ ಆಗುತ್ತಲ್ವಾ? ಮಕ್ಕಳು ಕನ್ನಡಿ ಮುಂದೆ ಬೆನ್ನು ತಿರುಗಿಸಿ ನಿಲ್ಲೋದನ್ನೂ ಪ್ರಾಕ್ಟೀಸ್ ಮಾಡ್ಬಿಟ್ಟಿದ್ದಾರೆ” ಎಂದರು. ಚಿಕ್ಕಮ್ಮ ನಕ್ಕು ತಲೆಯಾಡಿಸಿದರು. ಮಾಸ್ತರರು ಅತ್ತ ಹೋದ ಮೇಲೆ ಎಡಗೈಯಿಂದ ಬಲಗೈಯನ್ನೆತ್ತಿ ಮಡಿಲಲ್ಲಿಟ್ಟುಕೊಂಡರು. ಮಣಿಕಟ್ಟಿನ ಪಟ್ಟಿ ಕೈಯೊಳಗೆ ಹೂತುಹೋಗುವಷ್ಟು ಬಾವು ಏರಿತ್ತು. ಆಗ ಕಾಫಿಯ ಮಾತೆತ್ತದೆ ಎಲ್ಲವನ್ನೂ ಹೇಳಿಬಿಟ್ಟೆ: ಯಂತ್ರಕ್ಕೆ ವಯಸ್ಸಾಗಿಲ್ಲ, ಕಂಪ್ಯೂಟರಿನಲ್ಲಿದ್ದ ಅದರ ಸಾಫ್ಟ್‌ವೇರನ್ನು ನಾನೇ ಅಳಿಸಿದ್ದೇನೆ, ಅದು ಇನ್ನೆಲ್ಲೂ ಸಿಗುತ್ತಿಲ್ಲ ಎಂದು.

ಚಿಕ್ಕಮ್ಮ ಹಲ್ಲಿನಿಂದ ದಾರ ಕಡಿದರು. ಆಮೇಲೆ, “ಅದು ಈ ತಟ್ಟೇಲಿರೋದಲ್ವಾ? ಮಿಷನ್ ಜೊತೆ ಕೊಟ್ಟಿದ್ರಲ್ಲ” ಎಂದು, ಇಪ್ಪತ್ತಾರು ವೃತ್ತ ಎಳೆಯಲು ನಾನು ನಾಲ್ಕು ದಿನದಿಂದ ಹಿಡಿದಿದ್ದ ಅದೇ ಗವಸಿನ ಹೊಲಿಗೆಯನ್ನು ಕತ್ತರಿಯ ತುದಿಯಿಂದ ಬಿಚ್ಚಿದರು. ಒಳಗಿನಿಂದ ಕನ್ನಡಿಯಂತೆ ಹೊಳೆಯುವ ಒಂದು ಸೀಡಿ ಜಾರಿಬಂತು, ತಮ್ಮ ಕಂಪನಿಯ ಹೆಸರು ಅಚ್ಚಾಗಿದ್ದ ಸೀಡಿ. ಸಾಫ್ಟ್‌ವೇರು ಎಂದರೆ ಆಕಾಶದಿಂದ ಇಳಿಯುವಂಥದ್ದು ಎಂದೇ ನಂಬಿ ಬೆಳೆದ ನಾನು ಅದನ್ನು ದರ್ಜಿಗಳ ಸಾಮಾನು ಎಂದುಕೊಂಡಿದ್ದೆ. “ಗೀರು ಬೀಳ್ಬಾರ್ದು ಅಂತ ಮಿಷನ್ ಕೂಡಿಸೋಕೆ ಬಂದೋನು ಹೇಳಿದ್ದ. ಗವಸು ಹೊಲಿದಿಟ್ಟೆ. ನೋಡಿದ್ರೆ ಅಳತೆ ಸರಿಯಾಗಿತ್ತು, ಸುಮ್ನೆ ಯಾಕೆ ಕೂತಿರ್ಬೇಕು ಅಂತ ಕೆಲ್ಸಕ್ಕೆ ಹಚ್ಚಿದೆ” ಎಂದರು. ಇಪ್ಪತ್ತು ವರ್ಷದ ಸೀಡಿಯ ಮೇಲೆ ಒಂದು ಗೀರಿರಲಿಲ್ಲ.

ಹಳದಿ ಕಂಪ್ಯೂಟರು ಅದನ್ನು ನುಂಗಿ, ಒಮ್ಮೆ ಗೊರಗೊರ ಎಂದು, ಆರು ಸೆಕೆಂಡಿನಲ್ಲಿ ದುಭಾಷಿಯನ್ನು ಒಳಗೆ ಕೂರಿಸಿಕೊಂಡಿತು. ಕುಕೀ ಕೇಳಲಿಲ್ಲ, ಬಸ್ಸು ಕೇಳಲಿಲ್ಲ, ನಾನು ಯಾರೆಂದೂ ಕೇಳಲಿಲ್ಲ. ಯಂತ್ರ ಕಟಕಟ ಎಂದು ಶುರುಮಾಡಿತು. ಸಂಜೆ ಏಳಕ್ಕೆ ಉಳಿದ ಹದಿನೇಳು ಕಹಳೆಗಳೂ ಸಿದ್ಧವಾಗಿದ್ದವು. ಚಿಕ್ಕಮ್ಮ ಕೈಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟುಕೊಂಡು ಕೂತು, “ನಾಲ್ಕು ದಿನ ಕಾಫಿ ಮಾಡೋ ಬದ್ಲು ಒಂದು ಮಾತು ಕೇಳ್ಬಾರ್ದಿತ್ತೇನೇ?” ಎಂದರು. ನಾನು ಬಿಸಿನೀರಿಗೆ ಇನ್ನೊಂದು ಚೊಂಬು ಸುರಿದೆ. 

ಇಂದು ಹನ್ನೊಂದಕ್ಕೆ ಮೆರವಣಿಗೆ ನಮ್ಮ ಬೀದಿಯಲ್ಲೇ ಹೋಯಿತು. ಕೈಯಲ್ಲಿ ಹೊಲಿದ ಒಂಬತ್ತು ಕಹಳೆಗಳು ಯಾವುವೆಂದು ಬೇರೆ ಯಾರಿಗೂ ತಿಳಿಯಲಿಲ್ಲ. ನನಗೆ ಒಂಬತ್ತೂ ತಿಳಿದವು.

ಇನ್ನೂ ಲೋಡ್ ಆಗುತ್ತಲೇ ಇರುವ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ದಾರದ ಡಬ್ಬಿಯನ್ನು ಮಾತ್ರ ಮುಟ್ಟದವಳು

ತಾ.ಕ.: ಸೀಡಿಗೆ ಚಿಕ್ಕಮ್ಮ ಹೊಸ ಗವಸು ಹೊಲಿದು, ಅದರ ಮೇಲೆ ‘ಪುಟ್ಟಿ ಮುಟ್ಟಬಾರದು’ ಎಂದು ಕೆಂಪು ದಾರದಲ್ಲಿ ಬರೆದು, ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಹೀಗಾಗಿ ಬಟ್ಟೆಯ ಮೇಲೆ ವೃತ್ತ ಎಳೆಯಲು ಅಂಗಡಿಯಲ್ಲಿ ಈಗ ದುಂಡನೆಯದೇನೂ ಇಲ್ಲ. ತಮ್ಮ ಪುಟದ ನಡುವೆ ತಿರುಗುವ ಆ ಬೂದು ವೃತ್ತವನ್ನು ದಯವಿಟ್ಟು ಕಳಿಸಿಕೊಡಿ. ಅಳತೆ ಹೆಚ್ಚುಕಮ್ಮಿ ಸರಿಯಾಗಿದೆ. ನಾನು ಹತ್ತಿರದಿಂದ ನೋಡಿದ ಮಟ್ಟಿಗೆ ಅದಕ್ಕೆ ಅಲ್ಲಿ ಬೇರೆ ಕೆಲಸವೇನೂ ಇದ್ದಂತಿಲ್ಲ.